ಹತ್ತು ಗಾಡಿಯ ಪಾನಿ

ದೇವುವಿನ ಕಷ್ಟಕ್ಕೆಲ್ಲ ಅವನ ಬಾಯಿಯೇ ಕಾರಣ. ಗೋವಾದ ಫೋಂಡಾದ ಒಂದು ಪ್ರಯೋಗಾಲಯದಲ್ಲಿ ಆಹಾರ ಸುರಕ್ಷತೆಯ ಇಂಟರ್ನ್‌ಶಿಪ್ ಸಿಕ್ಕ ದಿನದಿಂದ, ಬಿ.ಎಸ್ಸಿ. ಎರಡನೇ ವರ್ಷದ ಈ ಹುಡುಗ ಝುವಾರಿನಗರದ ತನ್ನ ಮನೆಯಲ್ಲಿ ಯಾರನ್ನೂ ನೆಮ್ಮದಿಯಾಗಿ ನೀರು ಕುಡಿಯಲು ಬಿಟ್ಟಿರಲಿಲ್ಲ. “ಕುದಿಸಲಾರದ ನೀರಂದ್ರ ವಿಷ ಯವ್ವಾ!” ಎಂದು ಹೊತ್ತು ಹೊತ್ತಿಗೆ ಹೇಳುತ್ತಿದ್ದ. ತಾಯಿ ಸತ್ಯವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಮಗನ ಮಾತನ್ನು ಸೆರಗಿನಲ್ಲಿ ಗಂಟು ಕಟ್ಟಿಟ್ಟುಕೊಂಡಿದ್ದಳು.

ಬುಧವಾರ ಗೈಡ್ ಮೃದುಲಾ ಮೇಡಂ ಅಪ್ಪಣೆ ಮಾಡಿದರು. “ನಿಮ್ಮ ಕಡೆ ಹತ್ತು ಪಾನಿಪುರಿ ಗಾಡಿಯಿಂದ ಪಾನಿ ತಗೊಂಡ್ ಬಾ. ಎಷ್ಟು ರೋಗಾಣು ಅದಾವ ನೋಡೋಣ. ಶುಕ್ರವಾರ ಸಂಜಿಗೆ ವರದಿ ಇಲ್ಲಂದ್ರ ಸರ್ಟಿಫಿಕೇಟೂ ಇಲ್ಲ.” ಹೋಲಿಸಿ ನೋಡಲಿಕ್ಕೆಂದು ರೋಗಾಣುವೇ ಇಲ್ಲದ ಶುದ್ಧ ನೀರಿನ ಬಾಟಲಿಯೊಂದನ್ನೂ ಕೊಟ್ಟರು.

ಕೈಗೆ ಗ್ಲೌಸು, ಮುಖಕ್ಕೆ ಮಾಸ್ಕು ಹಾಕಿಕೊಂಡು ದೇವು ಜಿಲಾನಿಯ ಗಾಡಿಯ ಮುಂದೆ ನಿಂತ. ಆಹಾರ ಇಲಾಖೆಯ ಸಾಹೇಬನೆಂದುಕೊಂಡು ಜಿಲಾನಿ ಬಿಳಿಚಿಕೊಂಡ.

“ಸಾಹೇಬ್ರ, ಇವತ್ತು ಗಾಡಿ ಬಂದ್ ಐತ್ರಿ!”

ಬಾಯಲ್ಲಿ ಪುರಿ ಇಟ್ಟುಕೊಂಡಿದ್ದ ಗಿರಾಕಿ ಹಾಗೇ ನಿಂತ, ಗಾಡಿ ಓಡಿತು. ಅದನ್ನು ನೋಡಿ ಉಳಿದ ಒಂಬತ್ತೂ ಓಡಿದವು. ಪಕ್ಕದ ಮನೆಯ ಅಂಬಿಕಾ ಬಂದು ದೇವುವಿನ ಗ್ಲೌಸು ಕಿತ್ತೆಸೆದಳು.

“ಆಪರೇಶನ್ ಮಾಡಾಕ ಬಂದಿ ಏನಪಾ? ಗಿರಾಕಿ ಹಂಗ ಹೋಗು. ಒಂದೊಂದು ಪ್ಲೇಟ್ ತಿನ್ನು, ಮ್ಯಾಲ ಪಾನಿ ಕೇಳು.”

ಗಾಡಿಗಳು ಒಂದೊಂದಾಗಿ ಮರಳಿ ಬಂದವು. ದೇವು ಹತ್ತು ಪ್ಲೇಟ್ ತಿಂದ, ಹತ್ತು ಬಾಟಲಿ ತುಂಬಿಸಿದ. ಪ್ರಯೋಗಾಲಯ ಹೇಳುವ ಮೊದಲೇ ಹೊಟ್ಟೆ ಫಲಿತಾಂಶ ಹೇಳಿತು. ಅವನ್ನೂ ಮೇಡಂ ಕೊಟ್ಟ ನೀರಿನ ಬಾಟಲಿಯನ್ನೂ ಮನೆಯ ಕಟ್ಟೆಯ ಮೇಲಿಟ್ಟು ಓಡಿದವನು, ಸಾರ್ವಜನಿಕ ಶೌಚಾಲಯದ ಸಾಲಿನಲ್ಲಿ ನಿಂತು ಮರಳುವಷ್ಟರಲ್ಲಿ ಒಂದು ತಾಸು ಕಳೆದಿತ್ತು. ಬಾಟಲಿಗಳನ್ನು ಎತ್ತಿಕೊಂಡು ಫೋಂಡಾದ ಬಸ್ ಹಿಡಿದ. ಹತ್ತರ ಬಣ್ಣವೂ ಒಂದೇ ಹಸಿರಾಗಿ ಕಂಡಿತು. ಸುಸ್ತಿಗೆ ಹಾಗೆ ಕಾಣುತ್ತಿರಬೇಕು ಎಂದುಕೊಂಡ.

ಗುರುವಾರ ಮಧ್ಯಾಹ್ನ ಮೇಡಂ ಕನ್ನಡಕ ಒರೆಸಿ ಒರೆಸಿ ನೋಡಿದರು.

“ದೇವು, ಹತ್ತು ಪಾನಿಯೊಳಗ ಒಂದೂ ರೋಗಾಣು ಇಲ್ಲ! ನಾ ಕೊಟ್ಟ ಶುದ್ಧ ನೀರಿನ್ಯಾಗ ಜಾತ್ರಿನ ನಡದದ!”

“ಖರೇನ್ರಿ ಮೇಡಂ? ಹಂಗಾದ್ರ ನನ್ನ ಹೊಟ್ಟ್ಯಾಗ ಆಗಿದ್ದೇನ್ರಿ?”

ಇಬ್ಬರಿಗೂ ತಲೆಬುಡ ತಿಳಿಯಲಿಲ್ಲ. ಕೊನೆಗೆ ದೇವು ಮನೆಗೆ ಫೋನ್ ಹಚ್ಚಿದ. ಸ್ಪೀಕರಿನಲ್ಲಿ ಸತ್ಯವ್ವನ ದನಿ ಹೆಮ್ಮೆಯಿಂದ ಬಂತು.

“ಕುದಿಸಲಾರದ ನೀರು ವಿಷ ಅಂತ ನೀನ ಹೇಳಿದ್ದೆಲ್ಲಪ್ಪ. ಅಂಥಾದ್ದನ್ನ ಮೇಡಂ ಅವರಿಗೆ ಕೊಡೂದ? ಗ್ಯಾಸ್ ಉಳೀಲಿ ಅಂತ ಹತ್ತೂ ಒಂದ ಪಾತೇಲ್ಯಾಗ ಸುರುವಿ, ಚಲೋತ್ನಾಗಿ ಕುದಿಸಿ, ಆರಿಸಿ ತುಂಬಿಟ್ಟೆ. ಆ ಬರೇ ನೀರಿನ ಬಾಟ್ಲಿ ನಿಮ್ಮಪ್ಪ ಕುಡದ್ರು. ಮತ್ತ ಡ್ರಮ್ಮಿನ್ಯಾಗಿಂದು ತುಂಬಿಟ್ಟಾರ, ಒಂದು ಹನಿ ಕಮ್ಮಿ ಇಲ್ಲ.”

ಮೇಡಂ ಹತ್ತೂ ಬಾಟಲಿಗಳನ್ನು ಸಿಂಕಿಗೆ ಸುರಿದರು. ಆಮೇಲೆ ಅವರಿಗೆ ಕರುಣೆ ಬಂತು. “ಇವತ್ತ ಸಂಜಿಗೆ ಹೊಸಾ ಪಾನಿ ತಂದ್ರ ನಾಳೆ ವರದಿ ಬರೀಬಹುದು. ಇದು ಕಡೀ ಅವಕಾಶ.”

ದೇವು ಕೂಡಲೇ ತಾಯಿಗೆ ಮತ್ತೆ ಫೋನ್ ಮಾಡಿ ಗದರಿದ. “ನಾ ಬಾಟ್ಲಿ ತುಂಬಿಸಿದ ಮ್ಯಾಲ ನೀ ಅದಕ್ಕ ಕೈ ಹಚ್ಚಬ್ಯಾಡ! ನನ್ನ ಸರ್ಟಿಫಿಕೇಟ್ ಹೋಗತೈತಿ!” ಸತ್ಯವ್ವನಿಗೆ ಅಳುವೇ ಬಂತು. ಮಗನಿಗೆ ತನ್ನಿಂದ ಕೇಡಾಯಿತಲ್ಲ ಎಂದು ನೊಂದುಕೊಂಡಳು.

ಸಂಜೆ ದೇವು ಖಾಲಿ ಬಾಟಲಿಗಳೊಂದಿಗೆ ಬಸ್ಸಿಳಿದಾಗ ಸತ್ಯವ್ವ ಅಲ್ಲೇ ಕಾಯುತ್ತಿದ್ದಳು. ಅವಳ ಹಿಂದೆ ಹತ್ತು ಗಾಡಿ ಸಾಲಾಗಿ ನಿಂತಿದ್ದವು. ಹತ್ತರ ಮೇಲೂ ಸ್ಟೋವ್ ಉರಿಯುತ್ತಿತ್ತು, ಪಾನಿಯಿಂದ ಹಬೆ ಏಳುತ್ತಿತ್ತು. ಜಿಲಾನಿ ನಗುತ್ತ ಕೈಮುಗಿದ.

“ಹೆದರಬ್ಯಾಡ ಮಗನ,” ಎಂದಳು ಸತ್ಯವ್ವ ಸೆರಗಿನಿಂದ ಬೆವರು ಒರೆಸಿಕೊಂಡು. “ಈ ಸಲ ನಾ ಕೈ ಹಚ್ಚಿಲ್ಲ. ಒಬ್ಬೊಬ್ಬರಿಗೂ ಹೇಳಿ, ಅವರ ಕಡಿಂದನ ಕುದಿಸೇನಿ.”