ಸೈನಿಕನ ಗೋಣಿನ ಮೇಲೆ ನನ್ನ ಕೊಸರು

ಚೌಕಾಸಿ ಮಾಡದೆ ಕೊಂಡ ವಸ್ತು ನನಗೆ ಒಗ್ಗುವುದಿಲ್ಲ. ಅಂಗಿಯಾದರೆ ಕಂಕುಳಲ್ಲಿ ಹಿಡಿಯುತ್ತದೆ, ಮಾವಿನಹಣ್ಣಾದರೆ ಹುಳಿಯಾಗಿರುತ್ತದೆ. ಬೆಲೆ ಕುದುರಿದ ಮೇಲೂ ನನ್ನ ಕೆಲಸ ಮುಗಿಯುವುದಿಲ್ಲ, ಕೊಸರು ಬಾಕಿ ಇರುತ್ತದೆ. ತೂಕವೆಲ್ಲ ಮುಗಿದ ಮೇಲೆ ಅಂಗಡಿಯವನು ತನ್ನ ಕೈಯಾರೆ ಮೇಲೆ ಹಾಕುವ ಒಂದು ಚಿಟಿಕೆ ಜೀರಿಗೆ, ಎರಡು ಹಸಿಮೆಣಸಿನಕಾಯಿ, ಒಂದೆಸಳು ಕರಿಬೇವು ಇವುಗಳ ರುಚಿ ದುಡ್ಡು ಕೊಟ್ಟು ತಂದದ್ದಕ್ಕೆ ಎಲ್ಲಿಂದ ಬರಬೇಕು? ನಾನು ಬದುಕು ಶುರು ಮಾಡಿದ್ದೇ ದಾವಣಗೆರೆ ಮಂಡಿಪೇಟೆಯ ಕಾಳಿನ ಅಂಗಡಿಯಲ್ಲಿ ತಕ್ಕಡಿ ಹಿಡಿದು. "ತೂಕ ಗಿರಾಕಿಗೆ, ಕೊಸರು ಅವನ ಹೆಂಡ್ತಿಗೆ. ನಾಳೆ ಅವನನ್ನ ಮತ್ತೆ ನಮ್ಮ ಅಂಗಡಿಗೇ ಅಟ್ಟೋಳು ಆಕಿ ಕಣೋ" ಎಂದು ನಮ್ಮ ಸಾಹುಕಾರರು ಹೇಳುತ್ತಿದ್ದರು. ಅವರ ಮಾತು ಹಿಡಿದೇ ನಾನು ಇಲ್ಲಿಯವರೆಗೆ ಬಂದದ್ದು. ಒಮ್ಮೆ ಮಾತ್ರ ಅದು ಕೈಕೊಟ್ಟಿತ್ತು. ನಮ್ಮ ಎಂ.ಸಿ.ಸಿ. ಬಡಾವಣೆಯ ಹಲ್ಲಿನ ಡಾಕ್ಟರು ಒಂದು ಹಲ್ಲಿಗೆ ಹೇಳಿದ ಫೀಸು ಎಷ್ಟು ಎಳೆದಾಡಿದರೂ ಇಳಿಯಲಿಲ್ಲ. "ಹೋಗ್ಲಿ ಬಿಡ್ರಿ, ಅದೇ ರೇಟಿನಾಗೆ ಪಕ್ಕದ ಹಲ್ಲನ್ನೂ ಒಂದೀಟು ನೋಡಿಬಿಡ್ರಿ" ಎಂದೆ. ಸಂತೋಷವಾಗಿ ನೋಡಿದರು. ಅಲ್ಲೊಂದು ತೂತು ಸಿಕ್ಕಿತು. "ನೋಡಿದ್ದಕ್ಕೆ ದುಡ್ಡಿಲ್ಲ ಯಜಮಾನ್ರೇ, ಕಂಡದ್ದಕ್ಕೆ ಐತೆ" ಎಂದರು.

ನಿಮಗೂ ಒಂದು ಮಾತು ಹೇಳಿಬಿಡುತ್ತೇನೆ, ವ್ಯಾಪಾರಕ್ಕೆ ಬೀಳುವವರಿದ್ದರೆ ಕಿವಿಗೆ ಹಾಕಿಕೊಳ್ಳಿ: ಕೊಸರು ಕೇಳುವವನಿಗೆ ಕೊಸರು ಕೊಡುವ ಗುಣವೂ ಇರಬೇಕು. ಹರಿಹರದಲ್ಲಿ ನನ್ನದೊಂದು ಶೆಡ್ಡಿದೆ. ತಗಡು ಕತ್ತರಿಸಿ, ಬಗ್ಗಿಸಿ, ಪಂಪಿನ ಫ್ಯಾನಿಗೆ ಮುಚ್ಚಳ, ಸ್ವಿಚ್ಚಿಗೆ ಡಬ್ಬಿ ಮಾಡಿಕೊಡುತ್ತೇವೆ. ನೂರು ಕೇಳಿದವರಿಗೆ ಮೇಲೆ ಎರಡು ಹಾಕಿಯೇ ಕಳಿಸುತ್ತೇನೆ. ಆದರೂ ಪಂಪಿನವರು ಈಚೆಗೆ ಪ್ಲಾಸ್ಟಿಕ್ಕಿನ ಮುಚ್ಚಳ ಹಿಡಿದುಬಿಟ್ಟರು. ಶೆಡ್ಡಿನಲ್ಲಿ ಅರ್ಧ ಮಷೀನುಗಳು ಗೋಣಿಚೀಲ ಹೊದ್ದು ಮಲಗಿದ್ದವು. ಹೊಸ ಕೆಲಸ ಸಿಗದಿದ್ದರೆ ಒಂದಿಬ್ಬರು ಹಳೆಯ ಕೆಲಸಗಾರರನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಯಾರನ್ನು ಎಂದು ಯೋಚಿಸುವುದು ಬೇಡವೆಂದು ನಾನು ಯಾರ ಮುಖವನ್ನೂ ಸರಿಯಾಗಿ ನೋಡುತ್ತಿರಲಿಲ್ಲ.

ಆಗ ಬಂದವಳು ಸಿಂಧು. ಬೆಂಗಳೂರಿನ ಕಂಪನಿಯೊಂದರ ಎಂಜಿನಿಯರು. ಅವರು ಸೈನಿಕರಿಗೆ ಹೊಸ ನಮೂನೆಯ ಹೆಲ್ಮೆಟ್ಟು ಮಾಡುತ್ತಾರಂತೆ. ಕಣ್ಣಿನ ಮುಂದೊಂದು ಗಾಜು. ಆ ಗಾಜಿನಲ್ಲಿ ಎದುರಿನ ಗುಡ್ಡವೂ ಕಾಣುತ್ತದೆ, ಗುಡ್ಡದ ಮೇಲೆ ಬರೆದ ಹಾಗೆ ಬಾಣದ ಗುರುತೂ ಕಾಣುತ್ತದೆ: ದಾರಿ ಇತ್ತ, ನಿಮ್ಮವರು ಅತ್ತ, ಇಷ್ಟು ದೂರ. ಹೊರದೇಶದಲ್ಲಿ ಇಂಥದ್ದು ಇದೆಯಂತೆ, ಆದರೆ ಒಂದು ತಲೆಗೆ ಕೊಡಿಸುವ ದುಡ್ಡಿನಲ್ಲಿ ಒಂದು ಮನೆ ಕಟ್ಟಬಹುದು. "ನಮಗೆ ನಾಲ್ಕು ಜನಕ್ಕಲ್ಲ ಸರ್, ಸಾವಿರಗಟ್ಟಲೆ ಬೇಕು, ಅಗ್ಗವಾಗಿ ಬೇಕು. ಅದಕ್ಕೇ ನಿಮ್ಮಂಥ ಸಣ್ಣ ಶೆಡ್ಡುಗಳನ್ನ ಹುಡುಕ್ತಿದೀವಿ" ಎಂದಳು. ನಮ್ಮ ಪಾಲಿಗೆ ಬಂದದ್ದು ಹೆಲ್ಮೆಟ್ಟಿನ ಹಿಂಬದಿಗೆ ಕೂರುವ ಬ್ಯಾಟರಿಯ ಅಲ್ಯುಮಿನಿಯಂ ಡಬ್ಬಿ. ಮಾದರಿ ಪಾಸಾದರೆ ಆರ್ಡರು.

ಎಂಜಿನಿಯರು ಎಂದ ಮೇಲೆ ಚೌಕಾಸಿಯಲ್ಲೂ ಗಟ್ಟಿಯಿರಬೇಕೆಂದು ನಾನು ಎರಡು ಕಪ್ ಚಹಾ ತರಿಸಿ, ಕುರ್ಚಿಯಲ್ಲಿ ಕಾಲು ಮಡಿಚಿ ಕೂತು, ಇಳಿಸಲು ಸಾಕಷ್ಟು ಜಾಗ ಇಟ್ಟುಕೊಂಡು ರೇಟು ಹೇಳಿದೆ. ಆಕೆ ಫೋನಿನಲ್ಲಿ ಏನೋ ಗುಣಿಸಿ "ಓಕೆ ಸರ್" ಎಂದಳು. "ಸ್ವಲ್ಪ ವಿಚಾರ ಮಾಡು ತಾಯಿ, ನಮ್ಮ ಕಡೆ ಹಂಗೆ ಒಪ್ಪಂಗಿಲ್ಲ" ಎಂದು ನಾನೇ ಬುದ್ಧಿ ಹೇಳಿದೆ. "ನಮ್ಮ ಬಜೆಟ್ ಒಳಗೇ ಇದೆ ಸರ್" ಎಂದಳು. ಚಹಾ ಆರುವ ಮೊದಲೇ ವ್ಯಾಪಾರ ಮುಗಿದುಹೋಗಿತ್ತು. ಅಕ್ಷತೆ ಬೀಳದೆ ಮದುವೆಯಾದಂತೆ ಒಂದು ಕಸಿವಿಸಿ ನನ್ನಲ್ಲಿ ಉಳಿಯಿತು.

ಅದನ್ನು ಕಳೆದುಕೊಳ್ಳಲು ನನಗೆ ಗೊತ್ತಿದ್ದ ದಾರಿ ಒಂದೇ. ಡ್ರಾಯಿಂಗಿನಲ್ಲಿದ್ದ ತೆಳು ತಗಡು ಬಿಟ್ಟು ಗಟ್ಟಿ ತಗಡಿನಲ್ಲಿ ಡಬ್ಬಿ ಮಾಡಿಸಿದೆ. ದೇಶ ಕಾಯುವವರಿಗೆ ತೆಳು ಮಾಲು ಕೊಡುವುದೇ? ಒಳಗೆ ಒಂದು ಪದರ ರಬ್ಬರು ಹಾಕಿಸಿದೆ. ಮೇಲೆ ಒಂದು ಕೊಕ್ಕೆಯನ್ನೂ ಕೂರಿಸಿದೆ. ಯಾಕೆ ಕೊಕ್ಕೆ ಎಂದಿರಾ? ಹೆಲ್ಮೆಟ್ಟಿನ ವಿಷಯದಲ್ಲಿ ನಾನೇನು ಹೊಸಬನಲ್ಲ. ದಾವಣಗೆರೆಯಿಂದ ಹರಿಹರಕ್ಕೆ ದಿನಾ ಸ್ಕೂಟರಿನಲ್ಲಿ ಓಡಾಡುವವನು. ಹೆಲ್ಮೆಟ್ಟಿನ ದೊಡ್ಡ ತೊಂದರೆ ಅದನ್ನು ನೇತುಹಾಕುವುದು. ನನ್ನದನ್ನು ಸ್ಕೂಟರಿನ ಕನ್ನಡಿಗೆ ನೇತುಹಾಕಿ ನೇತುಹಾಕಿ ಆ ಕನ್ನಡಿಯೇ ಬುಡಸಮೇತ ಮುರಿದು ಬಿದ್ದಿತ್ತು. ಅಂಥ ಕಷ್ಟ ಗಡಿಯಲ್ಲಿರುವವರಿಗೆ ಬರಬಾರದು.

ಮಾದರಿ ನೋಡಲು ಸಿಂಧು ಹೆಲ್ಮೆಟ್ಟು ಹಿಡಿದು ಬಂದ ದಿನ ನನ್ನ ಹೆಂಡತಿ ಪಾರ್ವತಿಯೂ ಡಬ್ಬಿ ತುಂಬ ಖಾರಮಂಡಕ್ಕಿ, ಮಿರ್ಚಿ ತೆಗೆದುಕೊಂಡು ಶೆಡ್ಡಿಗೆ ಬಂದಿದ್ದಳು. ನನ್ನ ಮೇಲಿನ ಪ್ರೀತಿಯಿಂದ ಎಂದುಕೊಳ್ಳಬೇಡಿ. ಕೊಕ್ಕನೂರಿನಿಂದ ಅವಳ ತಮ್ಮ ಮಂಜಪ್ಪ, ನನ್ನನ್ನು ಮಾವ ಎನ್ನುವವನು, ಬಂದಿದ್ದ. ಅವನು ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾಗಿ ಈಗ ಭತ್ತ ಬೆಳೆಯುತ್ತಾನೆ. ಸೈನಿಕನ ಹೆಲ್ಮೆಟ್ಟಿಗೆ ಸೈನಿಕನದೇ ತಲೆ ಇರಲೆಂದು ಕರೆಸಿದ್ದೆ.

ನಮ್ಮ ಡಬ್ಬಿಯನ್ನು ಹಿಂದೆ ಕೂರಿಸಿ, ಬ್ಯಾಟರಿ ಹಾಕಿ, ಸಿಂಧು ಹೆಲ್ಮೆಟ್ಟನ್ನು ಮಂಜಪ್ಪನ ತಲೆಗೆ ತೊಡಿಸಿದಳು. ಅವನು ಎದೆ ಸೆಟೆಸಿ ನಿಂತ. ಹೆಲ್ಮೆಟ್ಟು ಒಂದು ಕ್ಷಣ ಯೋಚಿಸಿ, ಮೆಲ್ಲಗೆ ಹಿಂದಕ್ಕೆ ವಾಲಿತು. ಮುಂದಿನ ಗಾಜು ಹುಬ್ಬು ದಾಟಿ ಹಣೆಗೆ ಹೋಯಿತು.

"ಬಾಣ ಕಾಣ್ತಿದೆಯಾ ಅಣ್ಣ?" ಎಂದಳು ಸಿಂಧು.

"ಮ್ಯಾಲೆ ನೋಡಿದ್ರೆ ಬಾಣ ಕಾಣ್ತೈತೆ ತಂಗೀ. ಮುಂದೆ ನೋಡಿದ್ರೆ ನಮ್ಮ ಮಾವ ಕಾಣ್ತಾರೆ. ಎರಡೂ ಒಟ್ಟಿಗೆ ಕಾಣ್ತಿಲ್ಲ."

"ಸರಿಯಾಗಿ ನಿಂತ್ಕಳೋ ಮಂಜ, ಹೊಲದಾಗೆ ನಿಂತಂಗೆ ನಿಂತರೆ ಹೆಂಗೆ?" ಎಂದು ನಾನು ಗದರಿದೆ.

"ನಾನು ಸರಿಯಾಗೇ ನಿಂತೀನಿ ಮಾವ. ಈ ಬಾಣ ನಂಬಿ ಹೊಂಟರೆ ನಾನು ನಿಮ್ಮ ಶೆಡ್ಡಿನ ಸೂರಿನಾಗಿರೋ ಜೇಡನ ಮ್ಯಾಲೆ ದಾಳಿ ಮಾಡಬೇಕಾಗತೈತೆ."

ಸಿಂಧು ಡಬ್ಬಿ ಬಿಚ್ಚಿ, ಚೀಲದಿಂದ ಪುಟ್ಟ ತೂಕದ ಯಂತ್ರ ತೆಗೆದು ಅದರ ಮೇಲಿಟ್ಟಳು. "ಸರ್, ಡ್ರಾಯಿಂಗಲ್ಲಿ ಇರೋದಕ್ಕಿಂತ ತೂಕ ತುಂಬಾ ಜಾಸ್ತಿ ಇದೆ. ಮುಂದೆ ಗಾಜು, ಹಿಂದೆ ಬ್ಯಾಟರಿ, ಎರಡೂ ಸಮ ತೂಗಬೇಕು."

ನಾನು ಇದೇ ಘಳಿಗೆಗೆ ಕಾದಿದ್ದವನಂತೆ ಮುಗುಳ್ನಕ್ಕೆ. "ಅದು ಕೊಸರು ತಾಯಿ. ಅದಕ್ಕೆ ದುಡ್ಡಿಲ್ಲ."

"ಕೊಸರು ಅಂದ್ರೆ?"

ನಾನು ಬಾಯಿ ತೆರೆಯುವುದರೊಳಗೆ ಪಾರ್ವತಿ ಅಂದಳು, "ಅಳತಿ ಮುಗಿದ ಮ್ಯಾಲೂ ಕೈ ಸುಮ್ಮನಿರದೆ ಮ್ಯಾಲೆ ಹಾಕ್ತಾರಲ್ಲ ತಾಯಿ, ಅದು. ಅಲ್ರೀ, ನನ್ನ ತಮ್ಮನ ತಲಿ ಏನು ಮಂಡಿಪೇಟೆ ತಕ್ಕಡೀನಾ?"

"ದುಡ್ಡಿಲ್ಲ ಸರಿ ಮಾವ, ತೂಕ ಐತಲ್ಲ" ಎಂದು ಮಂಜಪ್ಪ ಕತ್ತು ತಿಕ್ಕಿಕೊಂಡ. "ಗುಡ್ಡದ ಮ್ಯಾಲಿನ ಪೋಸ್ಟಿಗೆ ಹೋಗೋವಾಗ ನಾವು ಹಲ್ಲುಜ್ಜೋ ಬ್ರಶ್ಶಿನ ಹಿಡೀನೂ ಮುರಿದು ಒಗೀತಿದ್ವಿ, ಅಷ್ಟು ಭಾರನಾದ್ರೂ ಕಡಿಮೆ ಆಗ್ಲಿ ಅಂತ. ಅಂಥಾದ್ರಾಗೆ ನಿಮ್ಮ ಕೊಸರು ಬಂದು ನನ್ನ ಗೋಣಿನ ಮ್ಯಾಲೆ ಕುಂತೈತೆ. ಅದ್ಯಾವ ಪುಣ್ಯಾತ್ಮ ಕೊಕ್ಕೆ ಬೇರೆ ಇಟ್ಟಾನೆ! ನನ್ನೇ ನೇತುಹಾಕ್ತೀರೇನು?"

ಶೆಡ್ಡಿನವರೆಲ್ಲ ನಕ್ಕರು. ಸಿಂಧು ನಗಲಿಲ್ಲ. "ಸಾರಿ ಸರ್. ಫೇಲ್ ಅಂತ ಹೇಳಬೇಕಾಗತ್ತೆ. ಸಂಜೆ ನಾನು ವಾಪಸ್ ಹೋಗಬೇಕು" ಎಂದಳು. ಇಷ್ಟು ದಿನ ನೋಡದೆ ತಪ್ಪಿಸಿಕೊಂಡಿದ್ದ ಮುಖಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು.

"ತೆಳು ತಗಡು ಇಲ್ಲೇ ಐತೆ ತಾಯಿ, ಆರು ಗಂಟೆ ತನಕ ಟೈಮ್ ಕೊಡು" ಎಂದೆ.

"ಆಗಲ್ಲ ಸರ್. ನಾಲ್ಕು."

"ಐದೂವರೆ. ನಿನ್ನನ್ನ ಸ್ಟೇಷನ್ನಿಗೆ ನಾನೇ ಬಿಡ್ತೀನಿ."

"ನಾಲ್ಕೂವರೆ."

"ನಿಂದೂ ಬ್ಯಾಡ, ನಂದೂ ಬ್ಯಾಡ. ಐದು!"

ಆಕೆ ನನ್ನ ಮುಖ ನೋಡಿದಳು. ಪಾರ್ವತಿ ಕೊಟ್ಟ ಮಿರ್ಚಿಯ ತೊಟ್ಟನ್ನು ಕೆಳಗಿಟ್ಟು, "ಸರಿ, ಐದು. ಅದರ ಮೇಲೆ ಹತ್ತು ನಿಮಿಷ ಕೊಸರು" ಎಂದಳು.

ನನಗೆ ಕಣ್ಣು ತುಂಬಿ ಬಂತು. ವ್ಯಾಪಾರ ಕುದುರಿದ್ದು ಆಗ. ತಗಡು ಕತ್ತರಿಸಿದೆವು, ಬಗ್ಗಿಸಿದೆವು, ಅಂಚು ಉಜ್ಜಿದೆವು. ರಬ್ಬರು ಹಾಕಲಿಲ್ಲ, ಕೊಕ್ಕೆ ಇಡಲಿಲ್ಲ. ನನ್ನ ಕೈ ಎರಡು ಸಲ ತಾನಾಗಿ ಗಟ್ಟಿ ತಗಡಿನ ಕಡೆ ಹೋದದ್ದನ್ನೂ ಪಾರ್ವತಿ ಎರಡು ಸಲ ಕೆಮ್ಮಿದ್ದನ್ನೂ ಬಿಟ್ಟರೆ ಎಲ್ಲ ಡ್ರಾಯಿಂಗಿನ ಪ್ರಕಾರವೇ ನಡೆಯಿತು. ಕೊಸರಿನ ಹತ್ತು ನಿಮಿಷದೊಳಗೆ ಹೆಲ್ಮೆಟ್ಟು ಮತ್ತೆ ಮಂಜಪ್ಪನ ತಲೆ ಏರಿ, ಈ ಸಲ ಏರಿದಲ್ಲೇ ಕೂತಿತು. "ಕಾಣ್ತೈತೆ!" ಎಂದು ಅವನು ಕೂಗಿದ. "ದಾರಿನೂ ಕಾಣ್ತೈತೆ, ಬಾಣನೂ ಕಾಣ್ತೈತೆ. ಸೀದಾ ನಮ್ಮಕ್ಕನ ಮಂಡಕ್ಕಿ ಡಬ್ಬಿಗೇ ಹೋಗ್ತೈತೆ!"

ಆ ವಾರವೇ ಸಿಂಧುವಿನ ಫೋನು ಬಂತು. "ಆರ್ಡರ್ ನಿಮ್ದೇ ಸರ್. ಆದ್ರೆ ಕೊಸರು ಬ್ಯಾಡ್ರಿ" ಎಂದು ನಮ್ಮ ಧಾಟಿಯಲ್ಲೇ ಹೇಳಿದಳು. ಮಷೀನುಗಳ ಮೇಲಿನ ಗೋಣಿಚೀಲ ತೆಗೆಸಿದೆ. ಹಳೆಯ ಡಬ್ಬಿಯಿಂದ ಕಿತ್ತ ಕೊಕ್ಕೆಯನ್ನು ಪಾರ್ವತಿ ಆಗಲೇ ಮನೆಗೆ ಒಯ್ದು, "ಊರಿನ ತಲಿ ಚಿಂತಿ ಸಾಕು, ನಿಮ್ಮ ತಲೀದು ಇಲ್ಲೈತೆ, ಹೊರಗೆ ಹೋಗೋವಾಗ ಕಣ್ಣಿಗೆ ಬೀಳ್ಲಿ" ಎಂದು ಬಾಗಿಲ ಪಕ್ಕ ಹೊಡೆಸಿ ನನ್ನ ಹೆಲ್ಮೆಟ್ಟನ್ನು ಅದಕ್ಕೆ ನೇತುಹಾಕಿದ್ದಳು. ಕೊಕ್ಕೆ ನನ್ನ ಕೈಕೆಲಸ, ಬಲು ಗಟ್ಟಿ. ಹೆಲ್ಮೆಟ್ಟು ಅಲ್ಲಿಂದ ಅಲ್ಲಾಡಿಲ್ಲ.

ಅದೇ ಸಂಜೆ ಹರಿಹರದಿಂದ ಖುಷಿಯಲ್ಲಿ ಬರುವಾಗ ದಾವಣಗೆರೆಯ ಸರ್ಕಲ್ಲಿನಲ್ಲಿ ಪೊಲೀಸಮ್ಮ ಕೈ ಅಡ್ಡ ಹಾಕಿದರು. "ನಾನು ಮಿಲಿಟರಿಯವರಿಗೇ ಹೆಲ್ಮೆಟ್ ಮಾಡೋನು ಮೇಡಂ" ಎಂದೆ. "ಮಾಡ್ರಿ, ಬ್ಯಾಡ ಅಂದೋರು ಯಾರು? ಹಾಕ್ಕಳೋದು ಯಾವಾಗ?" ಎಂದು ದಂಡ ಹೇಳಿದರು. ಇಷ್ಟು ವರ್ಷದ ಅಭ್ಯಾಸ, ನಾಲಿಗೆ ಕೇಳಬೇಕಲ್ಲ. "ಒಂದೀಟು ನೋಡಿ ಹಾಕ್ರಿ ಮೇಡಂ" ಎಂದುಬಿಟ್ಟೆ.

ಅವರು ನೋಡಿದರು. ಸಾವಕಾಶವಾಗಿ ಸ್ಕೂಟರಿಗೆ ಒಂದು ಸುತ್ತು ಬಂದು, ಕನ್ನಡಿ ಇರಬೇಕಾದ ಜಾಗದಲ್ಲಿ ನಿಂತು ನೋಡಿದರು. ಮುರಿದ ಕನ್ನಡಿಯ ದಂಡವನ್ನೂ ಮೇಲೆ ಸೇರಿಸಿದರು. ಕೇಳಿದ ತಕ್ಷಣ ಅಷ್ಟು ಧಾರಾಳವಾಗಿ ಕೊಸರು ಹಾಕಿದವರನ್ನು ನಾನು ಮಂಡಿಪೇಟೆಯಲ್ಲೂ ಕಂಡಿಲ್ಲ.