ಎರಡು ಹಲಗೆ, ಒಂದು ಮೀನು

ಮನೆಯಲ್ಲಿ ಯಾರಿಗೂ ನಗುವ ಧೈರ್ಯವಿಲ್ಲದ ದಿನಗಳಲ್ಲೇ ನಗು ತರಿಸುವಂಥವು ಒಂದರ ಹಿಂದೊಂದು ನಡೆಯುತ್ತವೆ.

ಆ ಚಳಿಗಾಲ ಚಿಕ್ಕಪ್ಪನ ಕೆಲಸ ಹೋಗಿತ್ತು. ನಾನು ಅಮೆರಿಕದ ಸಮಾಮಿಶ್‌ನಲ್ಲಿ ಅವರ ಮನೆಯಲ್ಲೇ ಇದ್ದೆ. 'ಕೆಲಸ' ಅನ್ನುವ ಮಾತು ಮೂರು ತಿಂಗಳಿಂದ ಮನೆಯಲ್ಲಿ ನಿಷಿದ್ಧ. ಬೆಳಿಗ್ಗೆ ನಾರ್ತ್ ಕ್ರೀಕ್‌ನ ಆಫೀಸಿಗೆ ಹೊರಡುವಾಗಲೂ ನಾನು, "ಸುಮ್ನೆ ಹೊರಗೆ ಹೋಗ್ಬರ್ತೀನಿ" ಅನ್ನುತ್ತಿದ್ದೆ. ಚಿಕ್ಕಪ್ಪ ಗ್ಯಾರೇಜಿನಲ್ಲಿ ತಮ್ಮ ಹಳೇ ದೋಣಿಯ ಪಕ್ಕ ಕೂತಿರುತ್ತಿದ್ದರು. ಮಾರ್ಚ್ ಕೊನೆಗೆ ಅದೂ ಮಾರಾಟ. ಅಷ್ಟರೊಳಗೆ ಒಂದು ಸಾಲ್ಮನ್ ಮೀನು ಹಿಡಿಯಬೇಕಂತೆ.

"ಮೊಟ್ಟೇನೂ ಮುಟ್ಟದವ್ರಿಗೆ ಮೀನು ಯಾಕ್ರೀ?" ಅಂದರು ಚಿಕ್ಕಮ್ಮ.

"ತಿನ್ನೋಕಲ್ಲ. ನನ್ನ ಕೈಲಿ ಏನಾದ್ರೂ ಆಗತ್ತಾ ನೋಡೋಕೆ."



ರಸ್ತೆಯಲ್ಲಿ

ಚಿಕ್ಕಪ್ಪನ ಬಳಿ ಎರಡು ಪ್ಲೇನರ್ ಬೋರ್ಡ್ ಇದ್ದವು. ಅಂದರೆ ಮೊಳದುದ್ದದ ಹಲಗೆ. ಗಾಳದ ದಾರಕ್ಕೆ ಸಿಕ್ಕಿಸಿ ಬಿಟ್ಟರೆ, ದೋಣಿ ನಿಧಾನಕ್ಕೆ ಹೋಗುತ್ತಿರುವಾಗ ಅದು ದಾರವನ್ನು ದೂರ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ. ಎಡಕ್ಕೊಂದು, ಬಲಕ್ಕೊಂದು. ದಾರ ಹಿಡಿಯುವ ಕ್ಲಿಪ್ಪು ಬಿಗಿಯಾಗಿದೆಯಾ ನೋಡಲು ಚಿಕ್ಕಪ್ಪ ನನ್ನನ್ನೇ ದೋಣಿ ಮಾಡಿದರು. ಜಿಟಿಜಿಟಿ ಮಳೆಯಲ್ಲಿ, ಹಲಗೆಯನ್ನು ದಾರದಲ್ಲಿ ಎಳೆಯುತ್ತಾ ನಾನು ರಸ್ತೆಯಲ್ಲಿ ನಡೆದೆ. ನಾಯಿ ಹಿಡಿದು ಬಂದ ಪಕ್ಕದ ಮನೆಯಾಕೆ ನಿಂತು, ಹಲಗೆ ನೋಡಿ, "ಇದನ್ನ ಸಾಕ್ತಿದೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ವಿವರಿಸಲು ನಾಚಿಕೆಯಾಗಿ "ಹೌದು" ಅಂದುಬಿಟ್ಟೆ. ಅವತ್ತಿನಿಂದ ನನ್ನನ್ನು ಕಂಡರೆ ಆಕೆ ನಾಯಿ ಸಮೇತ ರಸ್ತೆ ದಾಟುತ್ತಾರೆ.

ಪೂಜೆ

ಮೊದಲ ಶನಿವಾರ ಹೊರಡುವ ಮುಂಚೆ ಚಿಕ್ಕಮ್ಮ ದೋಣಿಗೆ ನಿಂಬೆಹಣ್ಣು ಕಟ್ಟಿ, ಹಲಗೆಗಳಿಗೆ ದಪ್ಪಗೆ ಅರಿಶಿನ ಕುಂಕುಮ ಮೆತ್ತಿದರು. ಮುಕಿಲ್ಟಿಯೊದಲ್ಲಿ, ಸಮುದ್ರದ ಬೂದಿ ಬಣ್ಣದ ನೀರಿಗೆ ಮೂವರೂ ಸೇರಿ ಎರಡೂ ಹಲಗೆ ಬಿಟ್ಟೆವು. ದೂರ ಹೋಗಬೇಕಾದವು ಸೀದಾ ದೋಣಿಯ ಹಿಂದಕ್ಕೇ ಬಂದು ಒಂದಕ್ಕೊಂದು ಸುತ್ತಿಕೊಂಡವು. ಗಂಟು ಬಿಡಿಸುವಷ್ಟರಲ್ಲಿ ಬೆರಳು ಮರಗಟ್ಟಿತು. ಎತ್ತಿ ನೋಡಿದರೆ, ಕುಂಕುಮ ತೊಳೆದುಹೋಗಿ ಕೆಳಗಿದ್ದ ಎಡ, ಬಲದ ಗುರುತು ಈಗ ಕಾಣುತ್ತಿದೆ. ನಾವು ಅದಲುಬದಲು ಹಾಕಿದ್ದೆವು.

ಚಿಕ್ಕಪ್ಪ ಹಲಗೆ ಎತ್ತಿ ಹೆಂಡತಿಗೆ ತೋರಿಸಿದರು.

"ನಂಗೇನು ಗೊತ್ತು? ಎರಡೂ ಅತ್ತಿತ್ತ ಹೋಗದೆ ಜೊತೆಗಿರಲಿ ಅಂತಾನೇ ಬೇಡ್ಕೊಂಡಿದ್ದು" ಅಂದರು ಚಿಕ್ಕಮ್ಮ.

ಕೊನೇ ಶನಿವಾರ

ಮರುದಿನ ದೋಣಿ ಕೊಂಡವರು ಬರುವವರಿದ್ದರು. ಬೆಳಗಿನಿಂದ ಮಳೆ. ಹಲಗೆಗಳು ಈ ಸಲ ಸರಿಯಾಗಿ ಎಡಕ್ಕೂ ಬಲಕ್ಕೂ ಹೋಗಿದ್ದವು. ಮೀನು ಮಾತ್ರ ಇಲ್ಲ. ಚಿಕ್ಕಪ್ಪ, "ಸಾಕು, ಹೋಗೋಣ" ಅಂದರು. ಅಷ್ಟರಲ್ಲಿ ಬಲಗಡೆ ಹಲಗೆಯ ಪುಟ್ಟ ಬಾವುಟ ಪಟ್ಟನೆ ಮಲಗಿತು. ಮೀನು ಕಚ್ಚಿತ್ತು.

ಹತ್ತು ನಿಮಿಷದಲ್ಲಿ ಸಾಲ್ಮನ್ ಹಿಡಿಕೆಯ ಬಲೆಯೊಳಗಿತ್ತು, ದೋಣಿಯ ಪಕ್ಕ, ನೀರಿನಲ್ಲೇ. ಮೂವರೂ ಬಗ್ಗಿ ನೋಡಿದೆವು. ಮುಂದೇನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ. ನಮ್ಮಲ್ಲಿ ಯಾರೂ ಮೀನು ಮುಟ್ಟಿದವರೇ ಅಲ್ಲ.

"ಇದು ಹೊಳೇಲಿ ಮೇಲೆ ಹೋಗಿ ಮೊಟ್ಟೆ ಇಡಬೇಕಂತೆ" ಅಂದೆ ಮೆಲ್ಲಗೆ.

"ಹಾಗಾದ್ರೆ ಬಿಟ್ಬಿಡ್ರೀ, ಪಾಪ" ಅಂದರು ಚಿಕ್ಕಮ್ಮ. "ಅದಕ್ಕಾದ್ರೂ ಹೋಗೋಕೆ ಒಂದು ಕೆಲಸ ಇದೆ."

ಅಂದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಚಿಕ್ಕಪ್ಪ ಇಕ್ಕಳದಿಂದ ಕೊಕ್ಕೆ ಬಿಡಿಸಿದರು, ಬಲೆಯನ್ನು ಅರ್ಧ ಬಗ್ಗಿಸಿ ನಿಲ್ಲಿಸಿದರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ.

"ಬಿಡೋ ಮುಂಚೆ ಅದನ್ನ ಕೇಳೇ," ಅಂದರು ನಗು ತಡೆಯಲಾಗದೆ, "ಅಲ್ಲಿ ಇನ್ನೊಂದು ಪೋಸ್ಟ್ ಖಾಲಿ ಇದೆಯಾ ಅಂತ."