ಕೂರಲಾಗದ ಪೈಜಾಮ

ನಮ್ಮ ಬೀದಿಯ ದರ್ಜಿ ಮಹಾಶಯರು ಸುಳ್ಳು ಹೇಳುವವರಲ್ಲ. ಸತ್ಯವನ್ನು ತುಸು ಮುಂಚಿತವಾಗಿ ಹೇಳಿಬಿಡುತ್ತಾರೆ, ಅಷ್ಟೇ. ಪೈಜಾಮಕ್ಕೆಂದು ನಾನು ಬಟ್ಟೆ ಕೊಟ್ಟು ಮೂರು ತಿಂಗಳಾಗಿತ್ತು. ಹೋದಾಗಲೆಲ್ಲ, "ಲಾಡಿ ಹಾಕೋದೊಂದೇ ಬಾಕಿ ಮೇಷ್ಟ್ರೇ" ಎನ್ನುತ್ತಿದ್ದರು. ಒಂದು ಭಾನುವಾರ ನಾನೂ ಪಟ್ಟು ಹಿಡಿದೆ. "ಲಾಡಿ ಇಲ್ಲದಿದ್ರೂ ಕೊಡಿ, ಕೈಯಲ್ಲಿ ಹಿಡ್ಕೊಂಡೇ ಓಡಾಡ್ತೀನಿ."

ಅವರು ಕಪಾಟಿನ ತಳದಿಂದ ಬಟ್ಟೆ ಎಳೆದು ತೆಗೆದರು. ಅಂಗಡಿಯವನು ಮಡಿಸಿಕೊಟ್ಟ ಮಡಿಕೆ ಕೂಡ ಬಿಚ್ಚಿರಲಿಲ್ಲ.

"ಲಾಡಿ ಜೊತೆಗೆ ಹೊಲಿಯೋದೂ ಸ್ವಲ್ಪ ಬಾಕಿ ಇದೆ," ಎಂದರು, ಎಳ್ಳಷ್ಟೂ ನಾಚದೆ.

ಬಟ್ಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದವನೇ ಘೋಷಿಸಿದೆ: "ಇನ್ಮುಂದೆ ನನ್ನ ಬಟ್ಟೆ ನಾನೇ ಹೊಲ್ಕೋತೀನಿ!"

ಹೆಂಡತಿ ಪೇಪರಿನಿಂದ ತಲೆ ಎತ್ತಲಿಲ್ಲ. "ಹೋದ ತಿಂಗಳು ಗುಂಡಿ ಹಾಕೋಕೆ ಹೋಗಿ, ಷರಟಿನ ತೋಳನ್ನ ಹೊಟ್ಟೆಗೆ ಸೇರಿಸಿ ಹೊಲಿದೋರು ನೀವೇ ಅಲ್ವಾ?"

"ಅದು ಕೈಹೊಲಿಗೆ. ಇದು ಮೆಷಿನ್ನು. ಹದಿನೆಂಟು ವರ್ಷದಿಂದ ಮಕ್ಕಳಿಗೆ ಜ್ಯಾಮಿತಿ ಹೇಳಿಕೊಡ್ತಿರೋನು ಕಣೇ ನಾನು. ಪೈಜಾಮ ಅಂದ್ರೇನು? ಎರಡು ಸಿಲಿಂಡರು, ಮೇಲೊಂದು ಸೊಂಟ."

"ಸಿಲಿಂಡರಿಗೆ ಮಂಡಿ ಇರುತ್ತೇನ್ರೀ?"

ಇಂಥ ಪ್ರಶ್ನೆಗಳಿಗೆ ನಾನು ತರಗತಿಯಲ್ಲೂ ಉತ್ತರ ಕೊಡುವುದಿಲ್ಲ.

ನನ್ನ ಅಕ್ಕ ಮನೆ ಬದಲಾಯಿಸುವಾಗ ನಮ್ಮಲ್ಲಿಗೆ ಸಾಗಹಾಕಿದ್ದ ಹೊಲಿಗೆ ಮೆಷಿನ್ನು ಏಳು ವರ್ಷದಿಂದ ಮೂಲೆಯಲ್ಲಿ ನಿಂತು, ಇಸ್ತ್ರಿಗೆ ಕಾದಿರುವ ಬಟ್ಟೆಗಳನ್ನು ಹೊತ್ತುಕೊಂಡಿತ್ತು. ಉತ್ಖನನ ನಡೆಸಿ ಅದನ್ನು ಹೊರತೆಗೆದೆ. ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣ, ಕೈವಾರ, ಕೋನಮಾಪಕ ಎಲ್ಲ ಜೋಡಿಸಿಕೊಂಡೆ. ಕನ್ನಡಿಯ ಮುಂದೆ ಸಿಪಾಯಿಯಂತೆ ಸೆಟೆದು ನಿಂತು ನನ್ನ ಅಳತೆ ನಾನೇ ತೆಗೆದುಕೊಂಡೆ. (ಲೆಕ್ಕ ಪಕ್ಕಾ ಇತ್ತು. ಆದರೂ ಕತ್ತರಿಸಿ ಮುಗಿಸುವಾಗ ಎಡಗಾಲಿಗೆ ಕಾಲು ಮೀಟರು ಸಾಲದೆ ಬಂತು. ಕಾಲಿಗೇ ಕಾಲು ಕೊರತೆ! ಚೂರುಪಾರು ಸೇರಿಸಿ ಉದ್ದ ಮಾಡಿದೆ.)

ಮೆಷಿನ್ನಿಗೆ ನನ್ನ ಮೇಲೆ ಯಾವುದೋ ಹಳೆಯ ದ್ವೇಷವಿದ್ದಂತಿತ್ತು. ಮುಂದಕ್ಕೆ ತುಳಿದರೆ ಚಕ್ರ ಹಿಂದಕ್ಕೆ ಹೋಗುತ್ತಿತ್ತು. ನಾಲ್ಕು ಹೊಲಿಗೆಗೊಮ್ಮೆ ದಾರ ಪಟ್ಟೆಂದು ತುಂಡಾಗುತ್ತಿತ್ತು.

"ಬಾಬಿನ್ ತಿರುಗುಮುರುಗಾಗಿ ಹಾಕಿದ್ದೀರಿ," ಎಂದಳು ಹೆಂಡತಿ, ಪೊರಕೆ ಹಿಡಿದು ಆ ಕಡೆ ಹೋಗುತ್ತ.

"ನಿನಗೇನು ಗೊತ್ತು?"

"ಏನೂ ಗೊತ್ತಿಲ್ಲಪ್ಪ. ಸುಮ್ನೆ ಹೇಳ್ದೆ."

ಅವಳು ಅತ್ತ ಹೋದ ಮೇಲೆ ತಿರುಗಿಸಿ ಹಾಕಿದೆ. ಸರಿಹೋಯಿತು. (ಕಾಕತಾಳೀಯ.)

ಎರಡನೆಯ ಭಾನುವಾರ ಸಂಜೆ ಪೈಜಾಮದ ಲೋಕಾರ್ಪಣೆ ನಡೆಯಿತು. ತೊಟ್ಟು ನಿಂತೆ. ಹೆಂಡತಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಪರವಾಗಿಲ್ವೇ! ಕೂತ್ಕೊಳ್ಳಿ, ಕಾಫಿ ತರ್ತೀನಿ," ಎಂದಳು.

ಕೂರಲು ಬಗ್ಗಿದೆ. ಪೈಜಾಮ ಒಪ್ಪಲಿಲ್ಲ. ಇನ್ನೊಂದು ಅಂಗುಲ ಬಗ್ಗಿದ್ದರೆ ನಮ್ಮಿಬ್ಬರಲ್ಲಿ ಒಬ್ಬರು ಉಳಿಯುತ್ತಿರಲಿಲ್ಲ.

"ಯಾಕ್ರೀ ನಿಂತೇ ಇದ್ದೀರಿ?"

"ನಿಂತು ಕುಡಿದ್ರೆ ಬೆನ್ನಿಗೆ ಒಳ್ಳೇದು."

"ನಿಂತು ಊಟ ಮಾಡಿದ್ರೆ?"

"ಜೀರ್ಣಕ್ಕೆ ಒಳ್ಳೇದು."

"ಮಲಗೋದಾದ್ರೂ ಮಂಚದ ಮೇಲೋ, ಅದೂ ನಿಂತ್ಕೊಂಡೋ?"

ಹೀಗೆ ಮೂರು ದಿನ ಮನೆಯಲ್ಲಿ ವಿದ್ಯುತ್ ಕಂಬದಂತೆ ನಿಂತೇ ಬದುಕಿದೆ. ಉತ್ತರ ಪತ್ರಿಕೆಗಳನ್ನು ಫ್ರಿಜ್ಜಿನ ತಲೆಯ ಮೇಲಿಟ್ಟು ತಿದ್ದಿದೆ. ನಾಲ್ಕನೆಯ ದಿನ ಕೆಂಪು ಪೆನ್ನು ಕೈಜಾರಿ ಬಿತ್ತು. ಮರೆತು ಬಗ್ಗಿದೆ. ಪರ್ರ್ ಎಂಬ ಸದ್ದಿಗೆ ಅಡುಗೆಮನೆಯಿಂದ ಓಡಿಬಂದ ಹೆಂಡತಿ ಗೋಡೆ ಹಿಡಿದುಕೊಂಡು ನಗತೊಡಗಿದಳು. ಕಣ್ಣೊರೆಸಿಕೊಂಡು, ಮತ್ತೆ ನನ್ನನ್ನು ನೋಡಿ, ಮತ್ತೆ ನಕ್ಕಳು. ಕೊನೆಗೆ, "ಬಿಚ್ಚಿ ಕೊಡಿ ಇಲ್ಲಿ," ಎಂದಳು.

ಮೆಷಿನ್ನಿನ ಮುಂದೆ ಕೂತಳು. ಎರಡು ಕಾಲೂ ಕೂಡುವಲ್ಲಿ ಹೊಲಿಗೆ ಸರಸರನೆ ಬಿಚ್ಚಿದಳು, ಹಳೆಯ ದಿಂಬಿನ ಚೀಲದಿಂದ ಒಂದು ತುಂಡು ಕತ್ತರಿಸಿ ಅಲ್ಲಿಗೆ ಕೂಡಿಸಿದಳು (ಅಪ್ಪಟ ವಜ್ರಾಕೃತಿ! ಕೈವಾರವಿಲ್ಲ, ಸ್ಕೇಲಿಲ್ಲ!). ಹತ್ತೇ ನಿಮಿಷ. ತೊಟ್ಟು ನೋಡಿದೆ. ಕೂರಬಹುದು, ಬಗ್ಗಬಹುದು, ಚಕ್ಕಳಮಕ್ಕಳ ಹಾಕಬಹುದು.

"ನಿಂತು ಅಳತೆ ತಗೊಂಡ್ರಲ್ಲ, ಅದಕ್ಕೇ ಹೀಗಾಯ್ತು. ಹಿಂದುಗಡೆಗೆ ಬಟ್ಟೆ ಜಾಸ್ತಿ ಬೇಕು ರೀ. ಮನುಷ್ಯರಿಗೆ ಹಿಂದೆ ಏನೋ ಇರುತ್ತೆ. ನಿಮ್ಮ ಜ್ಯಾಮಿತೀಲಿ ಅದು ಬರಲ್ಲ."

"ಹನ್ನೆರಡು ವರ್ಷ ಸಂಸಾರ ಮಾಡಿದ್ದೀವಿ. ಹೊಲಿಗೆ ಬರುತ್ತೆ ಅಂತ ಒಂದು ಮಾತು ಹೇಳ್ಲಿಲ್ಲವಲ್ಲೇ!"

"ಹುಡುಗಿಯಾಗಿದ್ದಾಗ ಹೇಳಿ ಕೆಟ್ಟಿದ್ದೀನಿ. ಬೀದಿಯವರ ದಿಂಬಿನ ಚೀಲವೆಲ್ಲ ನನ್ನ ತಲೆಗೇ ಬಂತು. ನಾಳೆ ಪರೀಕ್ಷೆ ಅಂದ್ರೂ ದೊಡ್ಡಮ್ಮನ ಪರದೆ ಹೊಲೀತಾ ಕೂತಿದ್ದೆ. ಅದಕ್ಕೇ ಈ ಮನೇಲಿ ಸೂಜಿ ಯಾವ ಕಡೆ ಚುಚ್ಚುತ್ತೆ ಅಂತಾನೂ ನನಗೆ ಗೊತ್ತಿಲ್ಲ. ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ."

ಮಾಡಿದೆ. ಅವಳ ದನಿಯಲ್ಲಿ ಒಂಚೂರು ಅಳುವಿತ್ತು, ನನಗೂ ಪಿಚ್ಚೆನಿಸಿತು. ಅಲ್ಲಿಗೇ ಸುಮ್ಮನಿದ್ದರೆ ನಾನು ಮನುಷ್ಯನೆನಿಸಿಕೊಳ್ಳುತ್ತಿದ್ದೆ. ಆದರೆ ಪೈಜಾಮ ಚೆನ್ನಾಗಿ ಕಾಣುತ್ತಿತ್ತಲ್ಲ! ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಫೋಟೋ ತೆಗೆದುಕೊಂಡು ಕುಟುಂಬದ ಗ್ರೂಪಿಗೆ ಕಳಿಸಿದೆ: 'ಸ್ವಹಸ್ತದಿಂದ ಹೊಲಿದದ್ದು. ಶ್ರದ್ಧೆಯಿದ್ದರೆ ಅಸಾಧ್ಯವಾದುದಿಲ್ಲ.'

ಹೆಂಡತಿ ತನ್ನ ಫೋನಿನಲ್ಲಿ ಅದನ್ನು ಎರಡು ಸಲ ಓದಿದಳು. "ಚೆನ್ನಾಗಿ ಬರ್ದಿದ್ದೀರಿ," ಎಂದಳು. ಆಗಲೇ ನಾನು ಹೆದರಬೇಕಿತ್ತು.

ಮರುದಿನ ಸಂಜೆ ಅಕ್ಕ ಬಂದಳು. ಎರಡು ಕೈಯಲ್ಲೂ ತುಂಬಿದ ಚೀಲ.

"ಏನೋ, ಇಷ್ಟು ಪ್ರತಿಭೆ ಇಟ್ಕೊಂಡು ಬಾಯಿ ಮುಚ್ಕೊಂಡಿದ್ದೀಯಲ್ಲ! ನಾಲ್ಕು ಪರದೆ, ಎಂಟು ದಿಂಬಿನ ಚೀಲ. ನಿಮ್ಮ ಭಾವಂದು ಎರಡು ಪ್ಯಾಂಟು, ಉದ್ದ ಕಮ್ಮಿ ಮಾಡ್ಬೇಕು. ಚಿಕ್ಕಮ್ಮನೂ ತರ್ತಾರಂತೆ."

ನಾನು ಹೆಂಡತಿಯ ಮುಖ ನೋಡಿದೆ. ಆಣೆಯನ್ನು ಮುರಿದರೆ ಸಂಸಾರ ಹೋಗುತ್ತದೆ. ನನಗೆ ಹೊಲಿಗೆ ಬಾರದೆಂದರೆ ಮಾನ ಹೋಗುತ್ತದೆ.

"ನಿನ್ನ ಕೈಯಲ್ಲಿ ಒಂಚೂರು ಸಹಾಯ ಆಗುತ್ತೇನಮ್ಮಾ?" ಎಂದು ಅಕ್ಕ ಅವಳನ್ನೇ ಕೇಳಿದಳು.

"ಅಯ್ಯೋ ಅತ್ತಿಗೆ, ಸೂಜಿಗೆ ದಾರ ಪೋಣಿಸೋಕೂ ನಂಗೆ ಬರಲ್ಲ. ಎಲ್ಲ ಇವರದ್ದೇ ಕೈಚಳಕ," ಎಂದಳು ಮಹಾತಾಯಿ, ಕಣ್ಣು ಮಿಟುಕಿಸದೆ.

ಅಕ್ಕ ಹೋದ ಮೇಲೆ ಮೆಷಿನ್ನಿನ ಮುಂದೆ ಕೂತು, ಮೊದಲ ಪರದೆ ಎತ್ತಿಕೊಂಡು, ಆರನೆಯ ಪ್ರಯತ್ನಕ್ಕೆ ಸೂಜಿಗೆ ದಾರ ಪೋಣಿಸಿದೆ. ಹೆಂಡತಿ ಒಳಗಿನಿಂದ ತನ್ನದೊಂದು ಹಳೆಯ ನೈಟಿ ತಂದು ಆ ರಾಶಿಯ ಮೇಲಿಟ್ಟಳು.

"ಇದರ ಅಂಚೂ ಬಿಟ್ಟಿದೆ ರೀ. ಹೇಗೂ ದಾರ ಪೋಣಿಸಿದ್ದೀರಲ್ಲ."